ಹನ್ನೊಂದು ಬಿಲ್ಲೆಗಳ ತೂಕ

ಸುಯೆಜ್‌ನ ಆ ಕಾಲೇಜಿನ ಲೋಹವಿಭಾಗದಲ್ಲಿ ತಹಾನಿಯ ಬಾಯಿಗೆ ಹೆದರದೆ ಇದ್ದದ್ದು ಎರಡೇ: ಒಂದು ಗಾಜಿನ ಗೂಡಿನೊಳಗಿನ ಸೂಕ್ಷ್ಮ ತಕ್ಕಡಿ, ಇನ್ನೊಂದು ಪ್ರೊಫೆಸರ್ ಶೌಕಿ.

ಹತ್ತೊಂಬತ್ತು ವರ್ಷಗಳಿಂದ ಆ ತಕ್ಕಡಿಗೆ ಅವಳೇ ಒಡತಿ. ಹೆಬ್ಬೆರಳಗಲದ ಉಕ್ಕಿನ ಬಿಲ್ಲೆಯನ್ನು ಉಪ್ಪುಕಾಗದದಲ್ಲಿ ಮುಖ ಕಾಣುವಷ್ಟು ಉಜ್ಜಬೇಕು, ತೊಳೆದು ಒಣಗಿಸಿ ತೂಗಬೇಕು, ದಾರ ಕಟ್ಟಿ ಆಸಿಡ್‌ನಲ್ಲಿ ಇಳಿಬಿಡಬೇಕು. ಆರು ಗಂಟೆಯ ಮೇಲೆ ಎತ್ತಿ, ಬ್ರಷ್‌ನಿಂದ ತಿಕ್ಕಿ, ಮತ್ತೆ ತೂಗಬೇಕು. ಕಡಿಮೆಯಾದ ತೂಕವೆಷ್ಟೋ ಅಷ್ಟನ್ನು ಆಸಿಡ್ ತಿಂದಿದೆ. ಆಸಿಡ್‌ಗೆ ಸೊಪ್ಪಿನ ರಸ ಬೆರೆಸಿದರೆ ಅದರ ಹಸಿವು ಎಷ್ಟು ತಗ್ಗುತ್ತದೆ ಎಂದು ನೋಡುವುದೇ ಅಲ್ಲಿನ ಸಂಶೋಧನೆ. ಈರುಳ್ಳಿ ಸಿಪ್ಪೆ, ಮೆಂತ್ಯ, ದಾಳಿಂಬೆ ಸಿಪ್ಪೆ ಎಲ್ಲವೂ ಒಬ್ಬೊಬ್ಬರಿಗೆ ಒಂದೊಂದು ಡಾಕ್ಟರೇಟ್ ಕೊಟ್ಟು ಹೋಗಿದ್ದವು. ಈ ಸಲ ಸೀಬೆ ಎಲೆಯ ಸರದಿ. ವಿದ್ಯಾರ್ಥಿನಿ ನಗ್ವಾನ್, ಸಣಕಲು ಮೈ, ಹರಿತ ಕಣ್ಣು.

ಸೀಬೆ ಎಲೆ ನೂರಕ್ಕೆ ತೊಂಬತ್ತನಾಲ್ಕು ಪಾಲು ಸವೆತ ತಡೆಯುತ್ತದೆ ಎಂದು ಶೌಕಿ ಆಗಲೇ ಒಂದು ಗೊಬ್ಬರದ ಕಾರ್ಖಾನೆಗೆ ಮಾತು ಕೊಟ್ಟಿದ್ದ. ಬಾಯ್ಲರಿನ ಕೊಳವೆಗಳನ್ನು ಆಸಿಡ್ ಹಾಕಿ ತೊಳೆಯುವಾಗ ಅವರು ಆ ರಸವನ್ನೇ ಬಳಸುವವರಿದ್ದರು. ಆದರೆ ಮೂವತ್ತಾರು ಬಿಲ್ಲೆಗಳಲ್ಲಿ ಹನ್ನೊಂದು, ರಸ ಇದ್ದರೂ, ಪಾಡು ಕೆಟ್ಟು ಮೇಲೆ ಬಂದವು. ಅಂಚು ಹಲ್ಲಿನಿಂದ ಕೊರೆದಂತೆ, ಮೈಯೆಲ್ಲ ಗುಳಿ. ಎಲ್ಲವನ್ನೂ ಸೇರಿಸಿದರೆ ನೂರಕ್ಕೆ ಎಪ್ಪತ್ತೆರಡೇ ಪಾಲು.

ಶೌಕಿ ರಿಜಿಸ್ಟರ್ ತಿರುವಿ ನೋಡಿ, ಎಂಟು ಜನ ವಿದ್ಯಾರ್ಥಿಗಳ ಮುಂದೆ ಕೇಳಿದ, "ಬೆಳಗ್ಗೆ ಎಷ್ಟು ತಾಮಿಯಾ ಹೊಡೆದೆ, ತಹಾನಿ?"

"ಅದಕ್ಕೂ ಇದಕ್ಕೂ ಏನ್ ಸಂಬಂಧ, ಡಾಕ್ಟ್ರೇ?"

"ಬೆರಳಲ್ಲಿ ವಡೆ ಎಣ್ಣೆ ಇಟ್ಕೊಂಡು ಬಿಲ್ಲೆ ಮುಟ್ಟಿದೀಯ. ಮೊದ್ಲು ತೂಗುವಾಗ ಜಿಡ್ಡೂ ಸೇರಿ ತೂಗಿದೆ, ಆಮೇಲೆ ಜಿಡ್ಡು ತೊಳೆದುಹೋಗಿದೆ. ಅದನ್ನ ಆಸಿಡ್ ತಿಂತು ಅಂತ ಬರ್ದಿದೀಯ."

"ನಾನು ಚಿಮುಟದಲ್ಲೇ ಹಿಡಿಯೋದು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಬರಿಗೈಲಿ ಮುಟ್ಟಿಲ್ಲ."

"ಕಾಲುವೆಗೆ ಅಡ್ಡ ಸಿಕ್ಕಿಕೊಂಡಿತ್ತಲ್ಲ ಒಂದು ಹಡಗು, ಅದೂ ಹೀಗೇ ಅಂದಿರುತ್ತೆ, ತಪ್ಪು ನಂದಲ್ಲ, ಗಾಳೀದು ಅಂತ. ಹೊಟ್ಟೆ ಕೊಯ್ಸಿಕೊಂಡೂ ತನ್ನ ತೂಕ ಇಳಿಸೋಕಾಗದವಳಿಗೆ ಉಕ್ಕಿನ ತೂಕ ಎಷ್ಟು ಇಳೀತು ಅಂತ ಹೇಗೆ ಗೊತ್ತಾಗತ್ತೆ?"

ಎಲ್ಲರೂ ನಕ್ಕರು. ನಗ್ವಾನ್ ಬಾಯಿಗೆ ಕೈ ಅಡ್ಡ ಹಿಡಿದಳು, ಭುಜ ಮಾತ್ರ ಕುಲುಕುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ತಹಾನಿ ಅವರ ಏಳು ತಲೆಮಾರು ಜಾಲಾಡುತ್ತಿದ್ದಳು. ಶೌಕಿಯೆದುರು ಮಾತ್ರ ನಾಲಗೆ ಹೊರಳಲಿಲ್ಲ. ಅವನು ಹೇಳಿದಂತೆ, ಲೆಕ್ಕಕ್ಕೆ ಹಿಡಿಯಬೇಕಾದ ಇಪ್ಪತ್ತೈದು ಬಿಲ್ಲೆಗಳ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಗುರುತಿಲ್ಲದ ಹನ್ನೊಂದು ಹುಟ್ಟಲೇ ಇಲ್ಲದಂತಾದವು. ಅದು ಅವಳಿಗೆ ಹೊಸದೂ ಅಲ್ಲ. ಈರುಳ್ಳಿ ಸಿಪ್ಪೆಯಲ್ಲೂ ಏಳು, ಮೆಂತ್ಯದಲ್ಲೂ ನಾಲ್ಕು ಹೀಗೆಯೇ ಕಾಣೆಯಾಗಿದ್ದವು. ರಿಜಿಸ್ಟರಿನಲ್ಲಿ ಶಾಯಿಯಿಂದ ಎಲ್ಲ ತೂಕವನ್ನೂ ಬರೆಯುವುದು ತನ್ನ ಕೆಲಸ, ಆರಿಸಿಕೊಳ್ಳುವುದು ಅವರ ಪಾಪ ಎಂದು ಅವಳು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡು ಬಂದಿದ್ದಳು.

ಶೌಕಿ ಆಡಿದ ಹೊಟ್ಟೆಯ ಮಾತು ಸುಳ್ಳಾಗಿರಲಿಲ್ಲ. ಒಂದೂವರೆ ವರ್ಷದ ಹಿಂದೆ, ನೂರಮೂವತ್ತೊಂದು ಕಿಲೊ ಇದ್ದಾಗ, ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಸಿಕೊಂಡಿದ್ದಳು. ಅಲ್ಲಿನ ಸರ್ಜನ್ ಡಾಕ್ಟರ್ ರಮ್ಜಿ ತನ್ನ ರೋಗಿಗಳ ಮೇಲೊಂದು ಅಧ್ಯಯನ ನಡೆಸುತ್ತಿದ್ದ. ಒಪ್ಪಿದವರು ಎರಡು ವರ್ಷ ಕರೆದಾಗಲೆಲ್ಲ ಬಂದು ತೂಕ ಕೊಡಬೇಕು. ಮೊದಲ ತಿಂಗಳುಗಳಲ್ಲಿ ಮೂರು ಚಮಚ ಬೇಳೆಕಟ್ಟಿಗೇ ವಾಂತಿ. ತಲೆಗೂದಲು ಹಿಡಿಹಿಡಿಯಾಗಿ ಉದುರಿತು. ವರ್ಷದ ಕೊನೆಗೆ ತೊಂಬತ್ತಾರಕ್ಕಿಳಿದಾಗ ರಮ್ಜಿ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೊ ಹೊಡೆಸಿದ. ಆಮೇಲೆ ಹಸಿವು ಸದ್ದಿಲ್ಲದೆ ಬಂದು ಬಾಗಿಲಲ್ಲಿ ಕೂತಿತು. ಸಕ್ಕರೆ ಚಹಾ, ಅದರಲ್ಲಿ ಅದ್ದಿದ ಒಂದು ಬಿಸ್ಕತ್ತು, ಇನ್ನೊಂದು. ಈಗ ನೂರೆಂಟರ ಆಸುಪಾಸು.

ತಕ್ಕಡಿಯ ಕೋಣೆಯಲ್ಲಿ ಮಾನ ಕಳೆದುಕೊಂಡ ಮಾರನೆಯ ಬೆಳಗ್ಗೆಯೇ ಆಸ್ಪತ್ರೆಯ ದಿನವಿತ್ತು. ಹದಿನೆಂಟನೇ ತಿಂಗಳ ತೂಕ. ಹಿಂದಿನ ವಾರ ಹೋದಾಗ ಯಂತ್ರ ಕೆಟ್ಟಿದೆ ಎಂದು ವಾಪಸು ಕಳಿಸಿದ್ದರು. ಗೋಡೆಯ ಮೇಲೆ ಹೊಸದೊಂದು ಫಲಕ: ನೂರಕ್ಕೆ ಎಂಬತ್ತೆಂಟು ಮಂದಿಗೆ ಶಾಶ್ವತ ಯಶಸ್ಸು. ಕೆಳಗೆ ಅವಳದೇ ತೊಂಬತ್ತಾರು ಕಿಲೊದ ನಗು.

ಅಧ್ಯಯನದ ಗುಮಾಸ್ತ ಇಹಾಬ್ ಪಟ್ಟಿಯಿಂದ ತಲೆ ಎತ್ತಲಿಲ್ಲ. "ನಿಮ್ಮ ಹೆಸರು ಇಲ್ಲ, ಮೇಡಂ."

"ಇಲ್ಲ ಅಂದ್ರೆ? ಗೋಡೆ ಮೇಲೆ ನನ್ನ ಮೂತಿ ಇದೆ, ಪಟ್ಟೀಲಿ ಹೆಸರಿಲ್ವಾ?"

"ಹೋದ ವಾರ ಕೊನೆ ದಿನ ಇತ್ತು. ನೀವು ಬರ್ಲಿಲ್ಲ. ಬರದವರನ್ನ ತೆಗೆದುಬಿಡ್ತೀವಿ."

"ಬಂದಿದ್ದೆ ಕಣಯ್ಯಾ! ನೀನು ಇದೇ ಕುರ್ಚೀಲಿ ಕೂತು, ಇದೇ ಬಾಯಲ್ಲಿ, ಯಂತ್ರ ಕೆಟ್ಟಿದೆ ಅಂದೆ. ನನ್ನನ್ನ ಮೇಲಿಂದ ಕೆಳಗೆ ನೋಡಿ ಅಂದೆ."

"ಕೂಗಾಡ್ಬೇಡಿ, ಮೇಡಂ. ಇದು ಮೀನು ಮಾರ್ಕೆಟ್ ಅಲ್ಲ."

"ಮೀನು ಮಾರ್ಕೆಟ್ಟಿಗೆ ಏನಾಗಿದೆಯೋ?" ಹಿಂದಿನ ಬೆಂಚಿನಿಂದ ಒಂದು ದಪ್ಪ ದನಿ ಎದ್ದಿತು. ಅತಾಕಾ ಬಂದರಿನಲ್ಲಿ ಮೀನು ಮಾರುವ ಫಿಕ್ರಿಯಾ. ಇಬ್ಬರಿಗೂ ಒಂದೇ ವಾರದಲ್ಲಿ ಆಪರೇಷನ್ ಆಗಿತ್ತು. "ನಮ್ಮ ಮಾರ್ಕೆಟ್ಟಲ್ಲಿ ತೂಕಕ್ಕೆ ಹಾಕಿದ ಮೀನು ಮಾಯ ಆಗಲ್ಲ. ಅಕ್ಕಾ, ನನಗೂ ಯಂತ್ರ ಕೆಟ್ಟಿದೆ ಅಂದ್ರು. ನನ್ನ ಹಿಂದೆ ಬಂದ, ಸಣ್ಣಗಾದವಳನ್ನ ಇದೇ ಯಂತ್ರಕ್ಕೆ ಹತ್ತಿಸಿ ತೂಗಿದ್ರು!"

ಈ ಆಟ ತಹಾನಿಗೆ ಗೊತ್ತು. ಆಡಿದವಳೇ ಅವಳು. ಇಲ್ಲಿ ಪೆನ್ಸಿಲ್ ಇಹಾಬನ ಕೈಯಲ್ಲಿತ್ತು, ಗುರುತಿಲ್ಲದ ಬಿಲ್ಲೆ ತಾನಾಗಿದ್ದಳು.

ಅವಳು ಚಪ್ಪಲಿ ಬಿಟ್ಟು, ಕೈಚೀಲವನ್ನು ಫಿಕ್ರಿಯಾಳ ಮಡಿಲಿಗೆಸೆದು, ನೇರವಾಗಿ ಇಹಾಬನ ಮೇಜಿನ ಪಕ್ಕದ ತೂಕದ ಯಂತ್ರದ ಮೇಲೆ ಹೋಗಿ ನಿಂತಳು. ಕೆಂಪು ಅಂಕಿ ಓಡಿ ನಿಂತಿತು. ನೂರೆಂಟೂವರೆ.

"ಬರ್ಕೊ," ಎಂದಳು.

"ಇಳೀರಿ, ಮೇಡಂ."

"ನೀನು ಬರೆಯೋವರೆಗೂ ಇಳಿಯಲ್ಲ. ಎಳೆದು ಇಳಿಸ್ತೀಯಾ? ಎಳಿ. ನಾಲ್ಕು ಜನ ಕರ್ಕೊಂಡು ಬಾ."

ಗಲಾಟೆ ಕೇಳಿ ರಮ್ಜಿ ಹೊರಗೆ ಬಂದ. ಬಿಳಿ ಕೋಟು, ಸುಗಂಧದ ಘಮ. "ಏನಮ್ಮಾ ಇದು? ಹೇಳಿದ ಪಥ್ಯ ಮಾಡದೆ ತಿಂದಿದ್ದು ನೀನು. ಈಗ ನನ್ನ ಹೆಸರು ಕೆಡಿಸೋಕೆ ಬಂದಿದೀಯಾ?"

"ತಿಂದಿದ್ದು ನಾನೇ, ಡಾಕ್ಟ್ರೇ. ಅದನ್ನೂ ಬರ್ಕೊಳ್ಳಿ. ನಾನು ಹನ್ನೆರಡೂವರೆ ಕಿಲೊ ವಾಪಸು ಹೊತ್ಕೊಂಡಿದೀನಿ. ಅದು ಎಲ್ಲಿಗೆ ಹೋಯ್ತು ನಿಮ್ಮ ಫಲಕದಲ್ಲಿ?"

"ನಿನ್ನಂಥವರನ್ನ ಸೇರಿಸಿದ್ರೆ ಅಧ್ಯಯನಕ್ಕೆ ಅರ್ಥವೇ ಇರಲ್ಲ."

ಅವಳು ಕೈ ಚಾಚಿ ಇಹಾಬನ ಮೇಜಿನಿಂದ ದಾಖಲೆ ಪುಸ್ತಕ ಎಳೆದುಕೊಂಡಳು; ಯಂತ್ರದಿಂದ ಕಾಲು ಕೀಳಲಿಲ್ಲ. ಹಿಂದಿನ ತೂಕಗಳಿದ್ದ ತನ್ನ ಹಳೆಯ ಸಾಲಿನಲ್ಲಿ ತೂಕ, ತಾರೀಖು, ಗಂಟೆ ಬರೆದು ಸಹಿ ಹಾಕಿದಳು.

"ನೀನು ಹೋದ ಮೇಲೆ ಹೊಡೆದುಹಾಕ್ತೀನಿ," ಎಂದ ರಮ್ಜಿ.

"ಹೊಡೀರಿ. ಆದ್ರೆ ಒಂದೇ ಗೆರೆ ಎಳೀರಿ, ಕೆಳಗಿರೋ ಅಂಕಿ ಓದೋಹಾಗೆ ಇರ್ಲಿ. ಅದು ನಿಯಮ. ನಾನು ಮಕ್ಕಳಿಗೆ ಅದನ್ನೇ ಹೇಳ್ಕೊಡೋದು."

ಅವಳು ಇಳಿದಾಗ ಫಿಕ್ರಿಯಾ ಹತ್ತಿದಳು. ಆಮೇಲೆ ಬುರ್ಖಾ ತೊಟ್ಟ ಇನ್ನೊಬ್ಬಳು, ಅಳುತ್ತಲೇ ಹತ್ತಿದಳು. ಇಹಾಬ್ ಪೊಲೀಸರನ್ನು ಕರೆಯುತ್ತೇನೆ ಎಂದ. "ಕರಿ, ಅವರನ್ನೂ ತೂಗೋಣ," ಎಂದಳು ಫಿಕ್ರಿಯಾ.

ಕಾಲೇಜಿಗೆ ಮರಳುವ ಮಿನಿಬಸ್ಸಿನಲ್ಲಿ ಗೆದ್ದ ಸಂತೋಷ ಎರಡು ನಿಲ್ದಾಣವೂ ಬಾಳಲಿಲ್ಲ. ತನ್ನ ತೂಕಕ್ಕೆ ಅಷ್ಟು ಹಾರಾಡಿದವಳು ಆ ಹನ್ನೊಂದು ಬಿಲ್ಲೆಗಳ ತೂಕಕ್ಕೆ ಯಾಕೆ ಬಾಯಿ ಬಿಡಲಿಲ್ಲ? ಆ ಕಾರ್ಖಾನೆಯ ಕೊಳವೆಗಳ ಪಕ್ಕ ನಿಂತು ಕೆಲಸ ಮಾಡುವವರು ಯಾರೋ ಇದ್ದಾರಲ್ಲ.

ನಗ್ವಾನ್ ಪ್ರಬಂಧದ ಪುಟ ಜೋಡಿಸುತ್ತಿದ್ದಳು. ಒಂಬತ್ತು ದಿನಕ್ಕೆ ಅವಳ ಮೌಖಿಕ ಪರೀಕ್ಷೆ. ತಹಾನಿ ಬಾಗಿಲು ಹಾಕಿ ಹೇಳಿದಳು, "ಮೂವತ್ತಾರನ್ನೂ ಸೇರಿಸು. ಎಪ್ಪತ್ತೆರಡು ಅಂತ ಬರಿ."

"ಅಬ್ಲಾ, ತಲೆ ಕೆಟ್ಟಿದ್ಯಾ? ಹಾಲ್ ಗೊತ್ತುಮಾಡಿಯಾಗಿದೆ, ಅಮ್ಮ ಊರಿಗೆಲ್ಲ ಹೇಳಿಯಾಗಿದೆ."

"ಪರೀಕ್ಷಕರು ರಿಜಿಸ್ಟರ್ ಕೇಳಿದ್ರೆ ನಾನು ತಂದು ಕೊಡ್ತೀನಿ. ಈ ಸಲ ಪೆನ್ಸಿಲ್ ಗುರುತು ಇರಲ್ಲ."

ನಗ್ವಾನ್ ಅವಳನ್ನೇ ದಿಟ್ಟಿಸಿದಳು. "ನಾನು ನಕ್ಕೆ ಅಂತಾನಾ? ನಿನ್ನೆ ನಕ್ಕಿದ್ದಕ್ಕೆ ನನ್ನ ಐದು ವರ್ಷ ತಿಂತೀಯಾ? ಹೊಟ್ಟೇನ ಕತ್ತರಿಸಿದ್ರೂ ಹೊಟ್ಟೆಕಿಚ್ಚು ಹೋಗ್ಲಿಲ್ಲ ಅಲ್ವಾ ನಿಂದು."

ಅಬ್ಲಾ, ಅಂದರೆ ಅಕ್ಕಾ, ಎಂದು ಕರೆಯುತ್ತ ಐದು ವರ್ಷ ಬೆನ್ನ ಹಿಂದೆ ಸುತ್ತಿದ ಹುಡುಗಿ. ಆ ನಗು ನೋಯಿಸಿದ್ದು ಹೌದೇ ಹೌದು. ಅದಕ್ಕೇ ಹೀಗೆ ಮಾಡುತ್ತಿದ್ದೇನೆಯೇ ಎಂದು ತಹಾನಿ ಒಂದು ಕ್ಷಣ ತನ್ನೊಳಗೇ ತಡಕಿದಳು. ಸ್ವಲ್ಪ ಅದೂ ಇತ್ತು. ಅದನ್ನು ಇಲ್ಲವೆನ್ನಲು ಅವಳಿಗೆ ಮನಸ್ಸಾಗಲಿಲ್ಲ. "ಅದೂ ಇರಬಹುದು," ಎಂದಳು, "ಆದ್ರೂ ಬಿಲ್ಲೆ ಮೂವತ್ತಾರೇ." ಅಂದೇ ಸಂಜೆ ರಬ್ಬರ್ ಹಿಡಿದು ಇಪ್ಪತ್ತೈದು ಗುರುತುಗಳನ್ನೂ ಉಜ್ಜಿ ತೆಗೆದಳು.

ಪರೀಕ್ಷೆಯ ದಿನ ಹಾಲ್ ತುಂಬಿತ್ತು. ನಗ್ವಾನಳ ತಾಯಿ, ಹಾಜಾ ಇಹ್ಸಾನ್, ಮೂರು ತಟ್ಟೆ ಬಸ್ಬೂಸಾ, ರವೆಯ ಸಿಹಿ, ಮಾಡಿ ತಂದಿದ್ದರು. ಅಲೆಕ್ಸಾಂಡ್ರಿಯಾದಿಂದ ಬಂದ ಪರೀಕ್ಷಕಿ ಡಾಕ್ಟರ್ ವಿದಾದ್ ಮುದುಕಿ, ಕನ್ನಡಕದ ಮೇಲಿಂದ ನೋಡುವವರು. ನಲವತ್ತು ನಿಮಿಷ ಸುಮ್ಮನೆ ಕೇಳಿ, ಪ್ರಬಂಧ ಮುಚ್ಚಿದರು.

"ಒಂದೊಂದು ಪ್ರಯೋಗಕ್ಕೆ ಮೂರು ಬಿಲ್ಲೆ ಅಂತ ಬರ್ದಿದೀಯಮ್ಮ. ಹನ್ನೆರಡು ಪ್ರಯೋಗ. ಕೋಷ್ಟಕದಲ್ಲಿ ಇಪ್ಪತ್ತೈದೇ ಇದೆ. ಉಳಿದವು?"

ನಗ್ವಾನ್ ಶೌಕಿಯ ಕಡೆ ನೋಡಿದಳು. ಶೌಕಿ ನಕ್ಕ. "ತೂಗುವವರ ತಪ್ಪಿನಿಂದ ಕೆಟ್ಟವು, ಮೇಡಂ. ಕೈ ಜಿಡ್ಡು."

"ಹಾಗಾದ್ರೆ ರಿಜಿಸ್ಟರ್ ನೋಡೋಣ."

ತಹಾನಿ ಹಿಂದಿನ ಸಾಲಿನಿಂದ ಎದ್ದಳು. ಹಾಲ್‌ನ ಉದ್ದಕ್ಕೂ ನಡೆದು ಮುಂದೆ ಬಂದಳು. ರಿಜಿಸ್ಟರ್ ಜೊತೆ ಒಂದು ಸಣ್ಣ ಡಬ್ಬಿಯನ್ನೂ ಮೇಜಿನ ಮೇಲಿಟ್ಟಳು. ಹನ್ನೊಂದು ಬಿಲ್ಲೆಗಳು, ಒಂದೊಂದಕ್ಕೂ ಚೀಟಿ. ವಿದಾದ್ ಒಂದನ್ನು ಬೆಳಕಿಗೆ ಹಿಡಿದರು. "ಜಿಡ್ಡು ಇಂಥ ಗುಳಿ ತೋಡಲ್ಲ, ಡಾಕ್ಟರ್ ಶೌಕಿ," ಎಂದರು.

ಪ್ರಯೋಗವನ್ನೆಲ್ಲ ಮತ್ತೆ ಮಾಡಿ ಆರು ತಿಂಗಳ ಮೇಲೆ ಬಾ ಎಂಬ ತೀರ್ಪು. ಹಾಜಾ ಇಹ್ಸಾನ್ ಬಸ್ಬೂಸಾದ ತಟ್ಟೆ ಎತ್ತಿಕೊಂಡು ತಹಾನಿಯೆದುರು ಬಂದು ನಿಂತರು. "ತಗೊ, ತಿನ್ನು! ನನ್ನ ಮಗಳ ಬಾಳು ತಿಂದೆಯಲ್ಲ, ಇದನ್ನೂ ತಿನ್ನು. ನಿನ್ನ ಹೊಟ್ಟೆ ಯಾವತ್ತೂ ತುಂಬದೆ ಹೋಗ್ಲಿ!" ಜನ ಅವರನ್ನು ಹಿಡಿದುಕೊಂಡರು.

ಮಾರನೆಯ ದಿನವೇ ಅವಳನ್ನು ತಕ್ಕಡಿಯ ಕೋಣೆಯಿಂದ ನೆಲಮಾಳಿಗೆಯ ಉಗ್ರಾಣಕ್ಕೆ ಎತ್ತಿಹಾಕಿದರು. ಆಸಿಡ್ ಸೀಸೆ ಎಣಿಸುವ ಕೆಲಸ. ಶೌಕಿಗೆ ಏನೂ ಆಗಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದ. ಆದರೆ ಡಾಕ್ಟರ್ ವಿದಾದ್ ತಮ್ಮ ವರದಿಯ ಒಂದು ಪ್ರತಿಯನ್ನು ಕಾರ್ಖಾನೆಗೂ ಕಳಿಸಿದ್ದರು. ಕಾರ್ಖಾನೆಯವರು ಸೀಬೆ ಎಲೆ ಬೇಡವೆಂದು ಬರೆದರು.

ಐದನೇ ವಾರ ಉಗ್ರಾಣದ ಬಾಗಿಲಲ್ಲಿ ನಗ್ವಾನ್ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪು.

"ತಕ್ಕಡಿ ಅಂಕಿ ನಿಲ್ತಾ ಇಲ್ಲ. ಕೊನೇ ಎರಡು ಸ್ಥಾನ ಓಡ್ತಾನೇ ಇದೆ."

"ಕಿಟಕಿ ಹಾಕಿದ್ಯಾ? ಗಾಳಿ ಬಂದ್ರೆ ಓಡತ್ತೆ. ಮಟ್ಟದ ಗುಳ್ಳೆ ನೋಡು, ಮಧ್ಯಕ್ಕೆ ತಾ. ಬಿಲ್ಲೆ ಪೂರ್ತಿ ಆರೋವರೆಗೆ ತೂಗಬೇಡ."

"ಆಯ್ತು." ಹುಡುಗಿ ಹೋಗಲಿಲ್ಲ. "ಈಗಿನ್ನೂ ಅರ್ಧ ಆಗಿದೆ. ಅರವತ್ತೊಂಬತ್ತು ಬರ್ತಿದೆ."

"ಎಲ್ಲ ಸೇರಿಸ್ಕೊಂಡಾ?"

"ಎಲ್ಲ ಸೇರಿಸ್ಕೊಂಡೇ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೇಳಿಬಿಟ್ಟಿದೀನಿ. ಅಮ್ಮ ದಿನಾ ನಿನಗೆ ಶಾಪ ಹಾಕ್ತಾಳೆ. ನಾನು ಬೇಡ ಅನ್ನಲ್ಲ."

"ಅನ್ನಬೇಡ," ಎಂದಳು ತಹಾನಿ. ಕಪಾಟಿನಿಂದ ಹೊಸ ಉಪ್ಪುಕಾಗದದ ಕಟ್ಟು ತೆಗೆದು ಮುಂದೆ ಚಾಚಿದಳು. "ಇದನ್ನ ತಗೊಂಡು ಹೋಗು. ಮೇಲಿನ ಕೋಣೇಲಿರೋದು ಸವೆದಿರುತ್ತೆ."

ನಗ್ವಾನ್ ಅದನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.