ಇಹ್ಸಾನ್ ಅಬ್ಲಾಳ ಬಲಗಣ್ಣು

"ನಿಧಾನ ಹುಯ್ಯಿ ಮಗಳೇ, ಕಿವಿಯೊಳಗೆ ಹೋಗ್ಬಾರ್ದು," ಎಂದಳು ಹಾಜಿಯಮ್ಮ ಝೈನಾತ್.

ಲುಬ್ನಾ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಬೋರೆ ಎಲೆಯ ಪುಡಿ ಕದಡಿದ ಉಗುರುಬೆಚ್ಚನೆಯ ನೀರನ್ನು ದಾರದಷ್ಟು ಸಣ್ಣಗೆ ಬಿಟ್ಟಳು. ನೀರು ಇಹ್ಸಾನಳ ಹಣೆಯ ಮೇಲೆ ಹರಡಿ, ಹುಬ್ಬಿನ ಬಳಿ ತುಸು ತಡೆದು, ಕೆನ್ನೆಗಿಳಿಯಿತು. ಅದರ ಹಿಂದೆಯೇ ಬಲಗಣ್ಣಿನ ರೆಪ್ಪೆ ಮೇಲಕ್ಕೆ ಸರಿಯಿತು.

ಎಡಗಣ್ಣು ಮುಚ್ಚಿಯೇ ಇತ್ತು.

ಹಾಜಿಯಮ್ಮ ಗಾಬರಿಬೀಳಲಿಲ್ಲ. ಬಾಕೋಸ್ ಕೇರಿಯ ಹೆಂಗಸರಲ್ಲಿ ಯಾರು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸಲು ಬರುವವಳು ಅವಳೇ. ಹೆಬ್ಬೆರಳಿನಿಂದ ರೆಪ್ಪೆಯನ್ನು ಕೆಳಗೆಳೆದು, ತುಟಿಯಲ್ಲೇ ಏನೋ ಓದಿಕೊಳ್ಳುತ್ತ ಒಂದಷ್ಟು ಹೊತ್ತು ಒತ್ತಿ ಹಿಡಿದಳು. ಬೆರಳು ತೆಗೆದಾಗ ರೆಪ್ಪೆ ನಿಂತಿತ್ತು. ಲುಬ್ನಾ ಉಸಿರು ಬಿಟ್ಟಳು. ಭುಜಕ್ಕೆ ನೀರು ಹುಯ್ಯುತ್ತ ಮತ್ತೆ ಮುಖದತ್ತ ನೋಡಿದರೆ ಬಲಗಣ್ಣು ತೆರೆದಿತ್ತು. ಅರ್ಧ ಗಿರ್ಧ ಅಲ್ಲ, ಪೂರ್ತಿ.

"ಆಗುತ್ತೆ ಒಂದೊಂದ್ಸಲ," ಎಂದಳು ಹಾಜಿಯಮ್ಮ. "ಬೆಳಗ್ಗೆ ಕವ್ಸರ್ ನೋಡೋ ಹೊತ್ತಿಗೆ ತಡ ಆಗಿ ರೆಪ್ಪೆ ಬಿಗಿದಿರ್ಬೇಕು."

ಕವ್ಸರ್ ಎಂದರೆ ಇಹ್ಸಾನಳ ಅಕ್ಕ. ಗಂಡ ಹೋದ ಮೇಲೆ ತಂಗಿಯ ಜೊತೆಗೇ ಇದ್ದವಳು. ಅವಳಿಗೆ ಮಂಡಿ ಮಡಚಲಾಗದು, ಮೇಲಾಗಿ ಅಳು ನಿಂತಿರಲಿಲ್ಲ. ನೀರು ಹುಯ್ಯಲು ಒಬ್ಬಳು ಬೇಕೆಂದಾಗ ಹಾಜಿಯಮ್ಮ ನಡುಮನೆಯಲ್ಲಿ ನೆರೆದಿದ್ದವರ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, ಗೋಡೆಗೆ ಅಂಟಿಕೊಂಡು ನಿಂತಿದ್ದ ಲುಬ್ನಾಳತ್ತ ಬೆರಳು ಮಾಡಿದ್ದಳು. "ಇವಳು ಬರ್ಲಿ. ಬಂದಾಗಿಂದ ತುಟಿ ಬಿಚ್ಚಿಲ್ಲ."

ಇಂಥ ಕೆಲಸಕ್ಕೆ ಬಾಯಿಲ್ಲದವರೇ ಬೇಕು ಎಂದು ಲುಬ್ನಾಳಿಗೆ ಈಗ ತಿಳಿಯಿತು. ಹಾಜಿಯಮ್ಮ ಒದ್ದೆ ಹತ್ತಿಯನ್ನು ಬಲಗಣ್ಣಿನ ಮೇಲಿಟ್ಟು, ಕರ್ಪೂರ ಪುಡಿಮಾಡುತ್ತ, ಪಾಠ ಒಪ್ಪಿಸುವವಳಂತೆ ಹೇಳಿದಳು: "ಇಲ್ಲಿ ಒಳ್ಳೇದು ಕಂಡ್ರೆ ಹೊರಗೆ ಹೇಳ್ಬಹುದು. ಮುಖ ಬೆಳಗಿತ್ತು, ನಕ್ಕಂಗಿತ್ತು, ಹೀಗೆ. ಕೆಟ್ಟದ್ದು ಕಂಡ್ರೆ ಈ ನೀರಿನ ಜೊತೆಗೇ ಬಿಟ್ಟು ಎದ್ದುಹೋಗ್ಬೇಕು."

"ಇದು ಯಾವ್ದು ಹಾಜಿಯಮ್ಮ?"

"ಯಾವ್ದು?"

ಲುಬ್ನಾ ಕಣ್ಣಿನತ್ತ ತೋರಿಸಲಿಲ್ಲ. ತೋರಿಸಬೇಕಾಗಿರಲಿಲ್ಲ. ಹತ್ತಿಯ ತುಣುಕು ಮೆಲ್ಲಗೆ ಜಾರಿ ಕಿವಿಯ ಬಳಿ ಬಿದ್ದಿತ್ತು.

ಹಾಜಿಯಮ್ಮ ಆ ತುಣುಕನ್ನು ಎತ್ತಿ ಪಕ್ಕಕ್ಕಿಟ್ಟು, "ಗೊತ್ತಾಗದ್ದನ್ನೆಲ್ಲ ಕೆಟ್ಟದ್ದರ ಕಡೆಗೇ ಹಾಕ್ಬಿಡು ಮಗಳೇ. ಸುಮ್ಮನಿದ್ದವರನ್ನ ಯಾರೂ ಪ್ರಶ್ನೆ ಮಾಡಲ್ಲ," ಎಂದು ಬಿಳಿ ಬಟ್ಟೆಯನ್ನು ಮುಖದ ಮೇಲೆ ಎಳೆದಳು. ಬಟ್ಟೆಯಡಿ ಕಣ್ಣು ಮುಚ್ಚಿತ್ತೋ ತೆರೆದಿತ್ತೋ, ಇನ್ನು ಯಾರಿಗೂ ಕಾಣದು.

* * *

ರಮ್ಲೆ ನಿಲ್ದಾಣಕ್ಕೆ ಹೋಗುವ ಬೆಳಗಿನ ಟ್ರಾಮಿನ ಹೆಂಗಸರ ಬೋಗಿಯಲ್ಲಿ ಬಾಗಿಲಿಗೆ ಎದುರಾದ ಸೀಟು ಇಹ್ಸಾನಳದು. ಅದರ ಮೇಲೆ ಹೆಸರೇನೂ ಬರೆದಿರಲಿಲ್ಲ, ಆದರೂ ಬೇರೆ ಯಾರೂ ಕೂರುತ್ತಿರಲಿಲ್ಲ. ಬಂದರಿನ ಒಂದು ಕಚೇರಿಯಲ್ಲಿ ಟೈಪು ಮಾಡುತ್ತ ಅವಳ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಮದುವೆಯ ಮಾತು ಬಂದದ್ದೂ ಹೋದದ್ದೂ ಆ ಟ್ರಾಮಿನಲ್ಲೇ ಎಂದು ಅವಳೇ ನಗುತ್ತಿದ್ದಳು: ಹುಡುಗ ನೋಡಲು ಬಂದ ದಿನ ಪುಸ್ತಕದಲ್ಲಿ ಮುಳುಗಿ ಇಳಿಯುವ ನಿಲ್ದಾಣ ದಾಟಿಬಿಟ್ಟಿದ್ದಳಂತೆ. ನಿವೃತ್ತಿಯಾದ ಮೇಲೂ ಟ್ರಾಮು ಬಿಡಲಿಲ್ಲ. ನಬಿ ದಾನಿಯಲ್ ಬೀದಿಯ ಹಳೇ ಪುಸ್ತಕದ ಸಾಲುಗಳವರೆಗೆ ಹೋಗಿ, ಚೀಲ ತುಂಬಿಸಿಕೊಂಡು ಮರಳುವಳು. ಜಿನ್ನುಗಳ ಕತೆ, ಪಾಳುಬಾವಿಯ ಕತೆ, ನಕ್ಷತ್ರಗಳಿಗೆ ಹೋದವರ ಕತೆ. ಜೇಬಿನಲ್ಲಿ ಹಿಡಿಸುವ, ರಟ್ಟು ಕಿತ್ತ ಪುಸ್ತಕಗಳು. ಬೋಗಿಯ ಹೆಂಗಸರೆಲ್ಲ ಅವಳನ್ನು ದೊಡ್ಡಕ್ಕನೆಂಬಂತೆ ಅಬ್ಲಾ ಎನ್ನುತ್ತಿದ್ದರು.

ಮದುವೆಯ ಉಡುಪು ಹೊಲಿಯುವ ತಹಾನಿಗೂ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಅಫಾಫ್ ಮೇಡಂಗೂ ದಿನ ಬೆಳಗಾದರೆ ಜಟಾಪಟಿ.

"ಫಿಕ್ರಿ ಬದ್ರಾವಿಯ ಕತೆ ಓದಿ ಮೇಡಂ. ಜಿನ್ನೊಂದು ಹೊಲಿಗೆ ಹುಡುಗೀನ ಪ್ರೀತಿಸುತ್ತೆ. ನಾನು ಸೂಜಿ ಹಿಡ್ಕೊಂಡೇ ಅತ್ತೆ."

"ನಿನ್ನ ಜಿನ್ನಿಗೆ ಮದುವೆ ಕೋಟು ನೀನೇ ಹೊಲಿದು ಕೊಡು ಹೋಗು. ಓದೋದಾದ್ರೆ ನಾಜ್ಲಿ ಶರಾರಾ ಓದ್ಬೇಕು. ಒಂದು ಊರಿಗೆ ಊರೇ ನಕ್ಷತ್ರ ಬಿಟ್ಟು ನಕ್ಷತ್ರಕ್ಕೆ ಹೋಗುತ್ತೆ."

"ಅಲ್ಲಿಗೆ ಹೋದ್ಮೇಲೂ ಮಗ್ಗಿ ಒಪ್ಪಿಸ್ಬೇಕಾ?"

ಆಮೇಲೆ ಇಬ್ಬರೂ ತಮ್ಮ ತಮ್ಮ ಪುಸ್ತಕ ಎತ್ತಿ ಹಿಡಿದು ಇಹ್ಸಾನಳತ್ತ ತಿರುಗುವರು. ಇಹ್ಸಾನ್ ಬಾಯಿ ಬಿಟ್ಟು ಒಳ್ಳೇದು ಕೆಟ್ಟದ್ದು ಎಂದವಳೇ ಅಲ್ಲ. ಹಿಡಿಸದ ಪುಸ್ತಕವಾದರೆ ಎರಡೂ ಕಣ್ಣು ಮುಚ್ಚಿ ತಲೆ ವಾಲಿಸಿ ಗೊರಕೆ ಹೊಡೆಯುವಳು. ಬೋಗಿಗೆ ಬೋಗಿಯೇ ನಗುವುದು. ಹಿಡಿಸಿದ್ದಾದರೆ ಎಡಗಣ್ಣು ಮಾತ್ರ ಮುಚ್ಚುವಳು. ಬಲಗಣ್ಣು ಅಗಲವಾಗಿ ತೆರೆದೇ ಇರುವುದು. ಆಗ ಯಾರೂ ನಗುತ್ತಿರಲಿಲ್ಲ. ಕೈಗಳು ಪುಸ್ತಕಕ್ಕೆ ಚಾಚುತ್ತಿದ್ದವು.

"ಅದೇನು ಅಬ್ಲಾ ಒಂದೇ ಕಣ್ಣು?" ಎಂದು ಲುಬ್ನಾ ಒಮ್ಮೆ ಕೇಳಿದ್ದಳು.

"ಓದಿ ಮಲಗಿದ್ಮೇಲೂ ಒಂದು ಕಣ್ಣು ಬಾಗಿಲು ಕಾಯ್ತಿರ್ಬೇಕು ಕಣೇ. ಅಂಥದ್ದೇ ಪುಸ್ತಕ. ಮಿಕ್ಕಿದ್ದೆಲ್ಲ ನಿದ್ದೆ ಮಾತ್ರೆ."

ಲುಬ್ನಾ ಆ ಗುಂಪಿಗೆ ಬಂದದ್ದು ಅವಳ ಅಮ್ಮ ತೀರಿಕೊಂಡ ವರ್ಷ. ಡಿಗ್ರಿ ಮುಗಿಸಿ ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದಳು. ಕಿಟಕಿಗೆ ಒತ್ತಿಕೊಂಡು, ರಟ್ಟು ಯಾರಿಗೂ ಕಾಣದಂತೆ ಪುಸ್ತಕವನ್ನು ಮಡಿಲಲ್ಲಿ ಬಚ್ಚಿಟ್ಟು ಓದುವಳು. ಒಂದು ದಿನ ಚಪ್ಪಟೆ ಬೆರಳಿನ ಕೈಯೊಂದು ಬಂದು ಅದನ್ನು ಎತ್ತಿಕೊಂಡಿತು, ಮೂಸಿತು, ಹೊರಳಿಸಿ ನೋಡಿತು. ತಲೆಯೆತ್ತಿದರೆ ಮುದುಕಿಯೊಬ್ಬಳು ಎಡಗಣ್ಣು ಮುಚ್ಚಿ ತನ್ನನ್ನೇ ನೋಡುತ್ತಿದ್ದಾಳೆ. ಅಮ್ಮ ಹೋದ ಮೇಲೆ ಲುಬ್ನಾ ನಕ್ಕದ್ದು ಅದೇ ಮೊದಲು.

* * *

ಮಧ್ಯಾಹ್ನದ ನಮಾಜಿಗೆ ಮೊದಲೇ ಗಂಡಸರು ಬಂದು ಪೆಟ್ಟಿಗೆ ಎತ್ತಿದರು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡು, ತುಸು ಓರೆಯಾಗಿಸಿ ಇಳಿಸಬೇಕಾಯಿತು. ಹೆಂಗಸರು ಬಾಲ್ಕನಿಯಲ್ಲಿ ಗುಂಪುಗೂಡಿ ಬೀದಿಯ ಕೊನೆಯವರೆಗೆ ನೋಡಿದರು. ತಹಾನಿ ಅಳುತ್ತಿದ್ದಳು. ಅಫಾಫ್ ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟಿದ್ದರು.

ಕವ್ಸರ್ ಲುಬ್ನಾಳ ತೋಳು ಹಿಡಿದು ಇಹ್ಸಾನಳ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಮಂಚದಡಿ, ಕಿಟಕಿಯ ಕಟ್ಟೆಯ ಮೇಲೆ, ಬೀರುವಿನ ನೆತ್ತಿಯವರೆಗೆ ಪುಸ್ತಕಗಳು. ಕವ್ಸರ್ ಅವುಗಳತ್ತ ಬೆನ್ನು ಮಾಡಿ ನಿಂತಳು. ಜಿನ್ನುಗಳ ಕತೆ ಮನೆಯೊಳಗೆ ಬೇಡ, ಹೆಸರು ಹೇಳಿದರೆ ಕರೆದ ಹಾಗೆ ಎಂದು ಬಡಕೊಂಡಳಂತೆ. ತಂಗಿ ಕೇಳಲಿಲ್ಲವಂತೆ. ಈಗ ಕೇರಿಯ ಜನ ಏನೆನ್ನುತ್ತಾರೋ ಎಂಬ ಭಯ ಒಂದು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅದನ್ನು ಹೇಳುವಾಗ ಅವಳ ಧ್ವನಿ ಕುಗ್ಗಿತು.

"ಬೆಳಗ್ಗೆ ನಾನು ನೋಡಿದಾಗ ಬಲಗಣ್ಣು ತೆರೆದಿತ್ತು. ಮುಚ್ಚಿದೆ. ಹಾಲಿಟ್ಟಿದ್ದ ಒಲೆ ಆರಿಸಿ ಬರೋಣ ಅಂತ ಹೋಗಿ ಬಂದೆ, ಮತ್ತೆ ತೆರೆದಿತ್ತು. ಯಾರಿಗೂ ಹೇಳಿಲ್ಲ." ಅವಳು ಲುಬ್ನಾಳ ಕೈ ಬಿಡಲಿಲ್ಲ. "ನೀನು ನೋಡ್ದೆಯಲ್ಲ. ಹೇಗಿದ್ಲು?"

ಲುಬ್ನಾಳ ಬಾಯಿಂದ ಮಾತು ತಾನಾಗಿ ಬಂತು. ಯಾರೋ ಮೊದಲೇ ನಾಲಿಗೆಯ ಮೇಲಿಟ್ಟು ಹೋದಂತಿತ್ತು. "ಮಲಗಿದಂಗಿದ್ರು ಖಾಲಾ."

"ಎರಡೂ ಕಣ್ಣು?"

"ಎರಡೂ."

ಕವ್ಸರ್ ಮಂಚದ ಮೇಲೆ ಕುಸಿದು ಕೂತು, ದೇವರಿಗೆ ವಂದನೆ ಹೇಳಿ, ಬೆಳಗಿನಿಂದ ಮೊದಲ ಬಾರಿಗೆ ಸಮಾಧಾನದಿಂದ ಅತ್ತಳು.

ಲುಬ್ನಾ ಮಾತ್ರ ನಿಂತಲ್ಲೇ ತಣ್ಣಗಾದಳು. ಮಲಗಿದಂಗಿದ್ಲು. ಅದೇ ಮಾತು, ಅದೇ ಮೆಲುದನಿ. ಅಮ್ಮ ಹೋದ ದಿನ ತನ್ನನ್ನು ಒಳಗೆ ಬಿಡದೆ ಹೊರಗೆ ಕೂರಿಸಿದ್ದಾಗ ಬಾಗಿಲು ತೆರೆದು ಬಂದು, ಒದ್ದೆ ಕೈ ಒರೆಸಿಕೊಳ್ಳುತ್ತ, ಹಾಜಿಯಮ್ಮ ಝೈನಾತ್ ಹೇಳಿದ್ದು ಇಷ್ಟೇ. ಆವತ್ತಿನಿಂದ ಈವರೆಗೆ ಲುಬ್ನಾ ಆ ಒಂದು ಮಾತನ್ನು ತಲೆದಿಂಬಿನಂತೆ ಇಟ್ಟುಕೊಂಡು ಮಲಗಿದ್ದಳು. ಅಂಥ ಮಾತು ಹೇಗೆ ತಯಾರಾಗುತ್ತದೆಂದು ಇವತ್ತು ಅವಳಿಗೆ ಗೊತ್ತಾಗಿತ್ತು.

* * *

ಕಳೆದ ಶುಕ್ರವಾರ ಇಹ್ಸಾನ್ ಇದೇ ಮಂಚದ ಮೇಲೆ ದಿಂಬಿಗೊರಗಿದ್ದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಲುಬ್ನಾ ತಂದ ಸೀಬೆಹಣ್ಣನ್ನು ತಿನ್ನದೆ ಮೂಗಿನ ಬಳಿ ಹಿಡಿದುಕೊಂಡಿದ್ದಳು. ಎಂದೂ ಕೇಳದ್ದನ್ನು ಲುಬ್ನಾ ಅಂದು ಕೇಳಿದಳು.

"ಅಬ್ಲಾ, ಅಮ್ಮ ಈಗ ಮಲಗಿರ್ತಾಳೆ ಅಲ್ವಾ?"

ಇಹ್ಸಾನ್ ಹಣ್ಣು ಕೆಳಗಿಟ್ಟಳು. "ಓದದ ಪುಸ್ತಕದ ಬಗ್ಗೆ ನಾನು ಯಾವತ್ತಾದ್ರೂ ಹೇಳಿದೀನೇನೆ?"

"ಇಲ್ಲ."

"ಮತ್ತೆ? ಓದಿ ಹೇಳ್ತೀನಿ ಇರು."

"ಹೇಗೆ ಹೇಳ್ತೀರಿ?"

"ಇನ್ನು ಹೇಗೆ? ಯಾವಾಗ್ಲೂ ಹೇಳೋ ಹಾಗೇ."

ಇಬ್ಬರೂ ನಕ್ಕರು. ನಗು ಇಹ್ಸಾನಳಿಗೆ ಕೆಮ್ಮಾಯಿತು. ಅಡುಗೆಮನೆಯಿಂದ ಕವ್ಸರ್, ಅದೇನು ನಿಮ್ಮ ಪಿಸುಪಿಸು, ಮತ್ತೆ ಅದೇ ದೆವ್ವಗಳ ಮಾತಾ ಎಂದು ಗದರಿದಳು.

* * *

ಸಂಜೆ ಸಾಂತ್ವನಕ್ಕೆ ಬಂದವರಿಗೆ ಲುಬ್ನಾಳೇ ಸಕ್ಕರೆಯಿಲ್ಲದ ಕಾಫಿ ಕೊಟ್ಟಳು. ಮೂಲೆಯ ರೇಡಿಯೋ ಡಬ್ಬಿಯಿಂದ ಕುರ್‌ಆನ್ ಪಠಣ ಕೇಳುತ್ತಿತ್ತು. ಹಾಜಿಯಮ್ಮನ ಮುಂದೆ ಬಂದಾಗ ಅವಳು ತಟ್ಟೆ ಹಿಡಿದೇ ಬಗ್ಗಿದಳು.

"ಹಾಜಿಯಮ್ಮ, ನಮ್ಮಮ್ಮನ್ನೂ ನೀವೇ ಅಲ್ವಾ..."

"ಹೂಂ."

"ಹೇಗಿದ್ಲು?"

ಹಾಜಿಯಮ್ಮ ಕಪ್ಪು ತೆಗೆದುಕೊಂಡಳು. ಒಂದು ಗುಟುಕು ಕುಡಿದಳು. ಕಪ್ಪಿನೊಳಗೆ ನೋಡುತ್ತಲೇ, "ಮಲಗಿದಂಗಿದ್ಲು ಅಂತ ಆವತ್ತೇ ಹೇಳಿದ್ನಲ್ಲ ಮಗಳೇ," ಎಂದಳು. ಮತ್ತೆ ತಲೆಯೆತ್ತಲಿಲ್ಲ.

ಹೊತ್ತು ಮುಳುಗುವಾಗ ಲುಬ್ನಾ, ತಹಾನಿ, ಅಫಾಫ್ ಮೂವರೂ ಬಾಕೋಸ್ ನಿಲ್ದಾಣಕ್ಕೆ ನಡೆದರು. ಹೆಂಗಸರ ಬೋಗಿಯಲ್ಲಿ ಜನ ತುಂಬಿದ್ದರು. ಮಾರುಕಟ್ಟೆಯಿಂದ ಬಂದವರು ಕಂಬ ಹಿಡಿದು ನಿಂತಿದ್ದರು. ಆದರೂ ಬಾಗಿಲಿಗೆ ಎದುರಾದ ಸೀಟು ಖಾಲಿಯಿತ್ತು. ಇಹ್ಸಾನಳನ್ನು ಕಂಡೇ ಇರದ ಹೆಂಗಸರೂ ಅದರ ಬಳಿ ಬಂದು, ಯಾಕೋ ಮುಂದೆ ಸರಿಯುತ್ತಿದ್ದರು. ಮೂವರು ಅದರ ಪಕ್ಕದ ಕಿಟಕಿಯ ಬಳಿ ನಿಂತರು.

ಟ್ರಾಮು ಹೊರಟಿತು. ಎರಡು ನಿಲ್ದಾಣ ದಾಟಿತು. ಮೂಗು ಒರೆಸಿಕೊಂಡು ಮೊದಲು ಕೇಳಿದವಳು ತಹಾನಿ.

"ಹೇಗಿದ್ರೇ ಅಬ್ಲಾ?"

"ಮಲಗಿದಂಗಿದ್ರು."

ತಹಾನಿಯ ಮುಖ ಬಾಡಿತು. ಕವ್ಸರಳಿಗೆ ಜೀವ ಬಂದ ಮಾತಿಗೆ ಇವಳ ಜೀವ ಹೋದಂತಾಯಿತು. ಅಫಾಫ್ ಮೇಡಂ ಕಿಟಕಿಯ ಆಚೆ ನೋಡುತ್ತ, ಲೆಕ್ಕ ತಪ್ಪಿದವರಂತೆ, "ಎರಡೂ ಕಣ್ಣಾ?" ಎಂದರು. "ಅಷ್ಟೇನಾ ಹಾಗಾದ್ರೆ? ಬರೀ ನಿದ್ದೇನಾ?"

ಆ ಇಬ್ಬರೂ ಲುಬ್ನಾಳನ್ನೇ ನೋಡಿದರು. ಜೀವಮಾನವೆಲ್ಲ ಈ ಟ್ರಾಮಿನಲ್ಲಿ ಜಗಳಾಡಿ, ಒಬ್ಬರಿಗೊಬ್ಬರು ಪುಸ್ತಕ ತುರುಕಿ, ಆಚೆಗೇನೋ ಇದೆ ಇದೆ ಎಂದು ಆಸೆಪಟ್ಟವರು. ಇದೆ ಎಂದರೆ ಇವರಿಗೆ ಖುಷಿ. ಆದರೆ ಇದೆ ಎಂದರೆ, ಅಮ್ಮನೂ ಅಲ್ಲೇ ಎಲ್ಲೋ, ಮಲಗದೆ, ಬಾಗಿಲು ನೋಡುತ್ತ. ಹಾಜಿಯಮ್ಮ ಹೇಳಿದಂತೆ ಕೆಟ್ಟದ್ದರ ಕಡೆಗೆ ಹಾಕಿಬಿಡುವುದೇ ಸರಿ. ಎರಡೂ ಕಣ್ಣು ಮುಚ್ಚಿತ್ತು ಎಂದರೆ ಮುಗಿಯಿತು. ಲುಬ್ನಾ ಅದನ್ನೇ ಹೇಳಲು ಬಾಯಿ ತೆರೆದಳು.

ಅವಳ ಎಡಗಣ್ಣಿನ ರೆಪ್ಪೆ ಇಳಿಯಿತು.

ತಾನು ಇಳಿಸಿದ್ದಲ್ಲ. ಎತ್ತಲು ನೋಡಿದಳು, ಏಳಲಿಲ್ಲ. ಹೆಬ್ಬೆರಳು ಯಾರದೋ ಮೆತ್ತಗೆ ಒತ್ತಿ ಹಿಡಿದಂತಿತ್ತು. ತಹಾನಿ ಅಫಾಫರ ಮುಂಗೈ ಹಿಡಿದುಕೊಂಡಳು. ಇಬ್ಬರಲ್ಲಿ ಯಾರೂ ನಗಲಿಲ್ಲ.

ಲುಬ್ನಾ ಕಿಟಕಿಯತ್ತ ತಿರುಗಿದಳು. ಹೊರಗೆ ಕತ್ತಲು ಕೂಡಿ ಗಾಜು ಕನ್ನಡಿಯಾಗಿತ್ತು. ಅದರಲ್ಲಿ ಅವಳ ಮುಖ, ಅದರ ಹಿಂದೆ ಖಾಲಿ ಸೀಟು, ಸೀಟಿನ ಎದುರು ಬಾಗಿಲು. ಗಾಜಿನೊಳಗಿನ ತೆರೆದ ಕಣ್ಣು ಅವಳನ್ನು ನೋಡುತ್ತಿರಲಿಲ್ಲ. ಮುಂದಿನ ನಿಲ್ದಾಣ ಬಂದು ಟ್ರಾಮು ನಿಂತಿತು, ಬಾಗಿಲು ತೆರೆಯಿತು. ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ಆ ಕಣ್ಣು ಮಾತ್ರ ಬಾಗಿಲಿನಿಂದ ಸೀಟಿನವರೆಗೆ, ಮೆಲ್ಲಗೆ ನಡೆದು ಬರುವವರನ್ನು ನೋಡುವಂತೆ, ಸರಿಯುತ್ತ ಬಂದು ನಿಂತಿತು.