ಅಮ್ಮನ ಮೀನು

ತಟ್ಟೆಯಲ್ಲಿಟ್ಟ ಮೀನಿನ ತಲೆಯ ಬಾಯಿಗೆ ಯಾರೋ ಇಡೀ ನಿಂಬೆಹಣ್ಣು ತುರುಕಿದ್ದರು. ಕೆಂಗೇರಿಯ ಛತ್ರದಲ್ಲಿ, ಊಟದ ಹಾಲ್‌ನ ಬಾಗಿಲಲ್ಲೇ, ಐಸಿನ ರಾಶಿಯ ಮೇಲೆ ಅದು ದಪ್ಪ ತುಟಿ ತೆರೆದುಕೊಂಡು ಕೂತಿತ್ತು. ಗಂಡಿನ ಕಡೆಯ ಹುಡುಗರು ಪಕ್ಕದಲ್ಲಿ ಬಗ್ಗಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಬ್ಬ ತನ್ನ ಕೂಲಿಂಗ್ ಗ್ಲಾಸ್ ತೆಗೆದು ಅದರ ಕಣ್ಣಿಗೆ ಇಟ್ಟ.

"ಮಗಾ, ಥೇಟ್ ನಿಮ್ ಮಾವನೇ ಕಣೋ," ಎಂದ ಇನ್ನೊಬ್ಬ.

ಹೆಣ್ಣಿನ ತಾಯಿ ಇಂದ್ರಮ್ಮ ಬಾಗಿಲಲ್ಲೇ ನಿಂತಳು. ಕಂದು ಚರ್ಮದ ಮೇಲಿನ ಚುಕ್ಕೆಗಳನ್ನು ನೋಡಿದ ತಕ್ಷಣ ಗುರುತು ಹತ್ತಿತ್ತು. ಮುರು. ಸಮುದ್ರದಡಿಯ ಹವಳದ ಬಂಡೆ ಬಿಟ್ಟು ದೂರ ಹೋಗದ ಮೀನು. ಪಿಯು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ಅವಳು ವರ್ಷಗಟ್ಟಲೆ ರಜೆಗಳನ್ನು ಕರಾವಳಿಯ ಬಂದರುಗಳಲ್ಲಿ ಕಳೆದಿದ್ದಳು. ಬುಟ್ಟಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಇದನ್ನೇ ಅಳೆದಿದ್ದಳು. ವರ್ಷದಿಂದ ವರ್ಷಕ್ಕೆ ಮೀನು ಸಣ್ಣದಾಗುತ್ತ ಬಂತು, ಆಮೇಲೆ ಬರುವುದೇ ಅಪರೂಪವಾಯಿತು. ಮೊಟ್ಟೆಯಿಡಲು ಅವು ಒಂದೇ ಬಂಡೆಗೆ ಗುಂಪುಗೂಡುವ ದಿನ ನೋಡಿಕೊಂಡೇ ದೋಣಿಗಳು ಹೋಗಿ ಕಾಯುತ್ತಿದ್ದವು. ಅವಳಿದ್ದ ತಂಡ ಕೊಟ್ಟ ವರದಿಯಿಂದ ಮುರು ಕೊನೆಗೂ ಅಳಿವಿನಂಚಿನ ಜೀವಿಗಳ ಸಾಲಿಗೆ ಸೇರಿತು. ಆಗ ತಾನೇ ಮದುವೆ ಗೊತ್ತಾಗಿದ್ದ ಮಗಳು ಕೀರ್ತನಾ, ಹೆಮ್ಮೆಯಿಂದ ಆ ಸುದ್ದಿಯನ್ನೂ ಇಂದ್ರಮ್ಮ ತೆಗೆದ ಮೀನಿನ ಫೋಟೊವನ್ನೂ ಅತ್ತೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು. ಮೇಲೆ 'ನಮ್ಮಮ್ಮನ ಮೀನು' ಎಂದು ಬರೆದಿದ್ದಳು.

"ನೋಡುದ್ರಾ ಬೀಗ್ತಿಯವ್ರೆ, ನಿಮ್ ಮೀನು." ಕೀರ್ತನಾಳ ಮಾವ ಮುನಿವೆಂಕಟಪ್ಪ ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸುತ್ತ ಬಂದ. "ಅದೇ ಫೋಟೊ ಮಂಗ್ಳೂರಿನ ಏಜೆಂಟ್‌ಗೆ ಕಳಿಸ್ದೆ. ಸಾರ್, ಇದು ಈಗ ಸಿಗಲ್ಲ, ಬೇರೆ ಕೇಳಿ ಅಂದ. ಸಿಗೋದನ್ನ ಹಾಕೋಕೆ ನಾನ್ಯಾಕಪ್ಪ ಬೇಕು, ಬೀಗ್ರೂಟ ಕಣಯ್ಯಾ ಅಂದೆ. ಕಾಯ್ಸಿ ಕಾಯ್ಸಿ ಕೊಟ್ಟ."

"ಅದು ಕಮ್ಮಿಯಾಗ್ತಾ ಇದೆ, ಹಿಡೀಬಾರ್ದು ಅಂತ ಹಾಕಿದ್ದು ಅದನ್ನ," ಎಂದಳು ಇಂದ್ರಮ್ಮ.

"ಅದಕ್ಕೇ ಅಲ್ವಾ. ಮುಗ್ದೋಗೋದ್ರೊಳಗೆ ನಮ್ ಬೀಗ್ರು ತಿನ್ಲಿ ಅಂತ." ಅವನು ಮನಸಾರೆ ನಗುತ್ತಿದ್ದ. "ಹೊಟ್ಟೆ ತುಂಬ ಮೊಟ್ಟೆ ಇತ್ತು. ಅದನ್ನ ನಿಮಗೇ ಅಂತ ಎತ್ತಿಡ್ಸಿದೀನಿ."

ಕೆಣಕಿದ್ದರೆ ಜಗಳವಾಡಬಹುದಿತ್ತು. ಇವನು ಮರ್ಯಾದೆ ಮಾಡುತ್ತಿದ್ದ. ಅಳತೆಪಟ್ಟಿ ಪಕ್ಕಕ್ಕಿಟ್ಟು ತಾನೇ ತೆಗೆದ ಫೋಟೊ ಏಜೆಂಟನ ಫೋನಿನಲ್ಲಿ, ದೋಣಿಯವನ ಫೋನಿನಲ್ಲಿ, ಇಂಥದ್ದೇ ಬೇಕು ಎಂದು ತೋರಿಸುತ್ತ ಕೈಯಿಂದ ಕೈಗೆ ಹೋದದ್ದು ಇಂದ್ರಮ್ಮನ ಕಣ್ಣಿಗೆ ಕಟ್ಟಿತು.

ಕೈತೊಳೆಯುವ ನಲ್ಲಿಯ ಹತ್ತಿರ ಕೀರ್ತನಾ ಅವಳ ಮೊಣಕೈ ಹಿಡಿದಳು. "ಅಮ್ಮ, ಏನೂ ಅನ್ಬೇಡ. ನಂಗೂ ನೆನ್ನೆ ಗೊತ್ತಾಗಿದ್ದು."

"ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಬರ್ತಾನೇ ಇರ್ಲಿಲ್ಲ. ಊಟ ಮುಗ್ಸಿ ನೀನು ಆರ್‌ಪಿಸಿ ಲೇಔಟ್ ಮನೆಗೆ ಹೋಗ್ತೀಯ. ನಾನು ಇವರ ಜೊತೇಲೇ ಇರ್ಬೇಕು ಕಣಮ್ಮ."

ಬೀಗರೂಟದಲ್ಲಿ ಹೆಣ್ಣಿನ ತಾಯಿ ಮೊದಲ ತುತ್ತು ಎತ್ತುವ ತನಕ ಗಂಡಿನ ಮನೆತನದವರು ಎಲೆಗೆ ಕೈ ಹಾಕುವುದಿಲ್ಲ. ಮುನಿವೆಂಕಟಪ್ಪ ಖುದ್ದಾಗಿ ಇಂದ್ರಮ್ಮನ ಎಲೆಗೆ ಬಡಿಸಿದ. ಮೆಣಸು ಹಚ್ಚಿ ಹುರಿದ ಮೊಟ್ಟೆಯ ಗಟ್ಟಿ. ತುದಿ ಒಡೆದು ಸಾಸಿವೆಗಿಂತ ಸಣ್ಣ ಕಾಳುಗಳು ಎಲೆಯ ಮೇಲೆ ಉದುರಿದ್ದವು. ಸಾಲಿನುದ್ದಕ್ಕೂ ಜನ ಕೈ ತೊಡೆಯ ಮೇಲಿಟ್ಟುಕೊಂಡು ಅವಳತ್ತ ನೋಡುತ್ತ ಕೂತರು.

"ಒಂದ್ ಚೂರು ಬಾಯಿಗಿಟ್ಕೊ, ಆಮೇಲೆ ಪಕ್ಕಕ್ಕೆ ತಳ್ಳು," ಎಂದು ಗಂಡ ಗೋಪೀನಾಥ ಪಿಸುಗುಟ್ಟಿದ.

ಬಿಸಿ ಮೆಣಸಿನ ಘಮಕ್ಕೆ ಇಂದ್ರಮ್ಮನ ಬಾಯಲ್ಲಿ ನೀರೂರಿತು. ಆ ನೀರೂರಿದ್ದಕ್ಕೆ ಆದಷ್ಟು ಹೇಸಿಗೆ ಮೀನಿನ ತಲೆಯನ್ನು ಕಂಡಾಗಲೂ ಆಗಿರಲಿಲ್ಲ. ಉಗುಳು ನುಂಗಿಕೊಂಡಳು. ಎಲೆಯ ಕಡೆ ಹೊರಟ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಯಾಕವ್ವ, ಉಪ್ಪು ಕಮ್ಮಿಯಾಗೈತಾ? ಇನ್ನೂ ಬಾಯಿಗೇ ಇಟ್ಟಿಲ್ವಲ್ಲ," ಎಂದಳು ಎದುರು ಸಾಲಿನಿಂದ ಮುನಿವೆಂಕಟಪ್ಪನ ತಾಯಿ ಅಕ್ಕಯ್ಯಮ್ಮ. ಕೆಲವರು ನಕ್ಕರು.

"ನನ್ ಕೈಲಾಗಲ್ಲ," ಎಂದಳು ಇಂದ್ರಮ್ಮ. "ಕ್ಷಮಿಸ್ಬೇಕು. ಇದನ್ನ ತಿನ್ನೋಕಾಗಲ್ಲ."

ನಗು ನಿಂತಿತು. ಸೌಟು ಹಿಡಿದೇ ನಿಂತಿದ್ದ ಮುನಿವೆಂಕಟಪ್ಪನ ಮುಖ ನಿಧಾನಕ್ಕೆ ಇಳಿಯಿತು. ಅಳಿಯ ಗೌತಮ್ ತಲೆ ತಗ್ಗಿಸಿ ಫೋನ್ ನೋಡತೊಡಗಿದ. ಯಾರೋ ಹೆಂಗಸು, "ಓದ್ದೋರಲ್ವಾ, ನಮ್ಮನೆ ಊಟ ಸೇರುತ್ತಾ," ಎಂದದ್ದು ಎಲ್ಲರಿಗೂ ಕೇಳಿಸಿತು.

ನೀರು ಬಡಿಸುತ್ತಿದ್ದ ಕೀರ್ತನಾ ಬಂದು ಜಗ್ಗನ್ನು ಮೇಜಿನ ಮೇಲಿಟ್ಟಳು. ತಾಯಿಯ ಮುಖ ನೋಡಲಿಲ್ಲ. ಬಗ್ಗಿ, ಹೊಸ ಬಳೆಗಳನ್ನು ಮೊಣಕೈಯತ್ತ ಸರಿಸಿ, ಅವಳ ಎಲೆಯಿಂದಲೇ ಗಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡಳು.

"ಅಮ್ಮಂದು ನಾನು ತಿಂತೀನಿ ಮಾವ. ಚೆನ್ನಾಗಿದೆ."

"ಅದಕ್ಕೇನಂತೆ," ಎಂದ ಮುನಿವೆಂಕಟಪ್ಪ, ಉಸಿರು ಬಿಟ್ಟು. "ತಾಯಿ ಮಗಳು ಬೇರೆನಾ. ಊಟ ಮಾಡ್ರಪ್ಪ ಎಲ್ಲ."

ಸಾಲಿಗೆ ಸಾಲೇ ಎಲೆಗೆ ಕೈ ಹಾಕಿತು. ಮುದ್ದೆ ಮುರಿಯುವ, ಮೂಳೆ ಚೀಪುವ, ಇನ್ನಷ್ಟು ಸಾರಿಗಾಗಿ ಕೂಗುವ ಸದ್ದಿನಿಂದ ಊಟದ ಹಾಲ್ ತುಂಬಿಹೋಯಿತು. "ಆ ಮಗೀಗೆ ಇನ್ನೊಂದ್ ಹಾಕ್ರೋ," ಎಂದಳು ಅಕ್ಕಯ್ಯಮ್ಮ.

ಕೀರ್ತನಾ ನಿಂತೇ ಅಗಿಯುತ್ತಿದ್ದಳು. ಕೆಳತುಟಿಗೆ ನಾಲ್ಕಾರು ಕಾಳು ಅಂಟಿಕೊಂಡಿದ್ದವು. ಅವನ್ನೂ ನಾಲಗೆಯಿಂದ ಒಳಗೆಳೆದುಕೊಂಡಳು.