ಶುಕ್ರವಾರದ ಗಾಜು

ಇವತ್ತು ಗುರುವಾರ, ಆದರೂ ಊದುಬತ್ತಿಯ ವಾಸನೆ, ಗೋಡೆಗೇ ಅಂಟಿಬಿಟ್ಟಿದೆ ಅದು — ಮಧುಮತಿಯ ಹೆಬ್ಬೆರಳು ಸ್ವಿಚ್ಚಿನ ಮೇಲಿದೆ, ಇನ್ನೂ ಒತ್ತಿಲ್ಲ, ಎದುರಿಗೆ ಆಗಷ್ಟೇ ಫ್ರೀಜರಿನಿಂದ ತೆಗೆದು ನಿಲ್ಲಿಸಿದ, ಬಸ್ಸಿನ ಮುಂಗಾಜಿನ ಮಾದರಿಯ ಗಾಜು ಬೆಳ್ಳಗೆ ಹಿಮ ಹಿಡಿದು ಕೂತಿದೆ, ಅದರ ಆಚೆ ನಿಂತ ಪರಮಶಿವಯ್ಯನವರು ಕಾಣುವುದಿಲ್ಲ, ಕೆಮ್ಮು ಮಾತ್ರ ಕೇಳುತ್ತದೆ, ಬೆಟ್ಟದ ದಾರಿಗೆ ಬಸ್ಸು ಕಟ್ಟುವ ಕಂಪನಿಯ ಇನ್‌ಸ್ಪೆಕ್ಟರು, ಮೂರು ಸಲ ಬಂದು ಮೂರು ಸಲವೂ ತಲೆಯಾಡಿಸಿ ಹೋದವರು, ಇದೇ ಲಾಸ್ಟ್ ಕಣಮ್ಮಾ, ನಂಗೂ ಮೇಲಿನವ್ರಿಗೆ ಉತ್ತರ ಕೊಡ್ಬೇಕು ಅಂತ ಬಾಗಿಲಲ್ಲೇ ಹೇಳಿ ಒಳಗೆ ಬಂದವರು. ತೇವ ತಡೆಯುತ್ತದೆಯೋ ನೋಡಲು ಹತ್ತು ದಿನ ಹಬೆ ತುಂಬಿದ ಪೆಟ್ಟಿಗೆಯಲ್ಲಿ ಕೂತು ಬಂದಿದೆ ಈ ಗಾಜು, ಮೂರು ನಿಮಿಷದಲ್ಲಿ ಹಿಮ ಕರಗಿಸಿ ತಿಳಿಯಾಗಬೇಕು, ಆಗದಿದ್ದರೆ ಗಾಜಿನ ವಿಭಾಗಕ್ಕೆ ಬೀಗ, ಮಧುಮತಿ ಸೋಮವಾರದಿಂದ ಪ್ಯಾಕಿಂಗ್ ಟೇಬಲ್ಲಿಗೆ. ಎರಡು ವರ್ಷ! ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಕಾರ್ಬನ್ ನ್ಯಾನೊಟ್ಯೂಬುಗಳನ್ನು, ಇಂಗಾಲದ ಕೊಳವೆಗಳನ್ನು, ಗಾಜಿನ ಮೇಲೆ ಪೊರೆಯಾಗಿ ಹರಡಿ, ಕಣ್ಣಿಗೂ ಕಾಣದ ಹಾಗೆ ಹರಡಿ, ಕರೆಂಟು ಕೊಟ್ಟರೆ ಬೆಚ್ಚಗಾಗುತ್ತದೆ ನೋಡು ಅಂತ ತಾನೇ ಬೆರಗಾದದ್ದು, ಆದರೆ ಆ ಪೊರೆಗೆ ತೇವ ಆಗಿಬರುವುದಿಲ್ಲ, ನೀರು ಸೇರಿದರೆ ಗಾಜಿನಿಂದ ಸಡಿಲಾಗಿಬಿಡುತ್ತದೆ, ಸಡಿಲಾದಲ್ಲಿ ಬೆಚ್ಚಗಾಗುವುದಿಲ್ಲ, ಅದಕ್ಕೇ ಮೇಲೊಂದು ಲೇಪ, ಮೂರು ಬಗೆಯ ಲೇಪ, ಮೂರಕ್ಕೂ ಅದೇ ಗತಿ, ಸುತ್ತಲೆಲ್ಲ ಹಿಮ ಕರಗಿದರೂ ನಟ್ಟನಡುವೆ ರೂಪಾಯಿ ಅಗಲದ ಬಿಳಿ ಮಚ್ಚೆ, ಕರಗುವುದೇ ಇಲ್ಲ.

ಕೈಗುಣ ಅಂತ ಒಂದು ಇರತ್ತಮ್ಮಾ ಮಧುಮತಿ, ಎಲ್ಲರಿಗೂ ಇರಲ್ಲ — ಮೂರನೆಯ ಗಾಜೂ ಸೋತ ದಿನ ಮಾಲೀಕರು ಅನಂತಪದ್ಮನಾಭ ಮೆತ್ತಗೇ ಹೇಳಿದ್ದು, ಒಳ್ಳೆಯ ಮನುಷ್ಯ, ಬಸವನಗುಡಿಯಿಂದ ದಿನಾ ಸ್ಕೂಟರಿನಲ್ಲಿ ಜರಗನಹಳ್ಳಿಯ ಈ ಶೆಡ್ಡಿಗೆ ಬಂದು ಮೊದಲು ದೇವರಿಗೆ ದೀಪ ಹಚ್ಚಿಯೇ ಕುರ್ಚಿಗೆ ಕೂರುವವರು, ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ಸಂಜೆ ಟ್ರಾಫಿಕ್ಕಿನಲ್ಲಿ ಬಸ್ಸು ಅಲುಗಾಡದೆ ನಿಂತಾಗ ಅವಳು ತನ್ನ ಅಂಗೈಯನ್ನೇ ನೋಡಿಕೊಂಡು ಕೂತಿದ್ದಳು, ಥೂ, ಯಾಕೆ ನೋಡಬೇಕಿತ್ತು. ಮರುದಿನ ಬಿಟಿಎಮ್ಮಿನ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಗಡಿಬಿಡಿ, ಹೆಂಚಿನ ಮೇಲಿನ ಜೋಳದ ರೊಟ್ಟಿ ನೇರ ಡಬ್ಬಿಗೆ, ಮುಚ್ಚಳ, ಓಟ, ಮಧ್ಯಾಹ್ನ ತೆರೆದರೆ ರೊಟ್ಟಿಯೆಲ್ಲ ನೀರು ನೀರು, ಮುಚ್ಚಳದಲ್ಲಿ ಹನಿ, ಗದಗಿನಿಂದ ಫೋನಿನಲ್ಲಿ ಅವ್ವ ಯಲ್ಲವ್ವ ನಕ್ಕಳು, ಬಿಸಿ ರೊಟ್ಟಿ ಮುಚ್ಚಿದ್ರ ಮತ್ತೇನಾಕ್ಕೈತಿ, ಹೊರಗಿಂದ ಯಾರ ಬಂದು ನೀರ ಹಾಕಿದ್ರೇನು, ಒಳಗ ಇತ್ತು — ಒಳಗೆ! ತುತ್ತು ಕೈಯಲ್ಲೇ ಉಳಿಯಿತು. ಲೇಪ ನೀರನ್ನು ಒಳಗೆ ಬಿಟ್ಟಿಲ್ಲ, ಒಳಗಿದ್ದ ನೀರನ್ನು ಹೊರಗೆ ಬಿಟ್ಟಿಲ್ಲ. ಒಲೆಯಲ್ಲಿ ಬೇಯಿಸಿ ಒಣಗಿಸಿದ ಪೊರೆಗೆ ಲೇಪಕ್ಕೆ ಮುಂಚೆ ನೀರು ಬಂದದ್ದೆಲ್ಲಿಂದ, ಕೆಲಸದ ದಾಖಲೆ ಪುಸ್ತಕ ತೆಗೆದರೆ ಸೋತ ಮೂರು ಗಾಜಿಗೂ ಶುಕ್ರವಾರದ ತಾರೀಕು, ಶುಕ್ರವಾರ, ಶುಕ್ರವಾರ, ಶುಕ್ರವಾರ, ಅಯ್ಯೋ ದೇವರೇ ಅಂದಳು, ಮತ್ತೆ ನಾಲಿಗೆ ಕಚ್ಚಿಕೊಂಡಳು. ಶುಕ್ರವಾರ ಪೂಜೆ, ಒಲೆಯಿಂದ ಬಂದ ಮೊದಲ ಗಾಜು ದೇವರ ಪಟದ ಮುಂದೆ, ನೀರು ಚಿಮುಕಿಸಿದ ಹೂವಿನ ಮಾಲೆಯ ಪಕ್ಕ, ಮಂಗಳಾರತಿ ಮುಗಿಯುವ ತನಕ ಮುಕ್ಕಾಲು ಗಂಟೆ, ಗಾಜಿನ ನಡುವಿಗೇ ಸರಿಯಾಗಿ ಒಂದು ಒದ್ದೆ ಹೂವು, ಅದು ಮುಗಿದ ಮೇಲೆ ಲೇಪ, ಗಿರಾಕಿಗೆ ಕಳಿಸುವುದು ಪ್ರಸಾದವಾದ ಆ ಗಾಜನ್ನೇ, ಉಳಿದ ದಿನದ ಗಾಜುಗಳು ಏನೂ ಆಗದೆ ಕಪಾಟಿನಲ್ಲಿ ಚೆನ್ನಾಗಿಯೇ ಕೂತಿದ್ದವು, ಯಾರೂ ಪರೀಕ್ಷೆಗೆ ತೆಗೆದಿರಲಿಲ್ಲ.

ಹೇಳುವುದು ಹೇಗೆ, ಹೇಳಿದಳು, ಸಾರ್ ದೇವರ ಮುಂದೆ ಇಡೋಣ ಸಾರ್, ಇಡಬಾರ್ದು ಅಂತಲ್ಲ, ಒಲೆಯಿಂದ ತೆಗೆದು ಬಿಸಿ ಇರುವಾಗ್ಲೇ ಲೇಪ ಹಾಕಿ ಆಮೇಲೆ ಇಡೋಣ, ಮಾಲೀಕರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಮತ್ತೆ ತೆಗೆದರು, ಹಾಗಾದ್ರೆ ನಾನೇನಮ್ಮಾ ನೀರು ಹಾಕಿದ್ದು ಅಂದರು, ಆದರೂ ಒಪ್ಪಿದರು, ಈ ಗಾಜಿಗೆ ಮೊದಲು ಲೇಪ, ಆಮೇಲೆ ಪೂಜೆ, ಈಗ ಅವಳ ಹಿಂದೆ ನಿಂತು ಏನೋ ಮಣಮಣ ಜಪಿಸುತ್ತಿದ್ದಾರೆ, ಒತ್ತಮ್ಮಾ ಅನ್ನುತ್ತಿದ್ದಾರೆ, ಒತ್ತಿದಳು.

ಏನೂ ಇಲ್ಲ, ಇನ್ನೂ ಏನೂ ಇಲ್ಲ, ಗಡಿಯಾರದ ಮುಳ್ಳು ಅರ್ಧ ಸುತ್ತು, ಗಾಜು ಬೆವರಿತು ಅಂಚಿನಲ್ಲಿ, ನೀರು ಗೆರೆಗೆರೆಯಾಗಿ ಇಳಿಯುತ್ತಿದೆ, ಇಳಿ, ಇಳಿ ನನ್ನವ್ವಾ, ಒಂದು ನಿಮಿಷ, ಅಂಚು ಯಾವತ್ತೂ ಕರಗುತ್ತದೆ, ಅದರಲ್ಲೇನಿದೆ, ನಡುವೆ ನೋಡು, ನಡುವೆ ಇನ್ನೂ ಬಿಳಿ, ಎರಡು ನಿಮಿಷ, ಪರಮಶಿವಯ್ಯನವರ ಜೇಬಿನ ಪೆನ್ನು ಕಂಡಿತು, ಗಲ್ಲ ಕಂಡಿತು, ಮೀಸೆ, ನಡುವೆ ಬಿಳಿ, ರೂಪಾಯಿ ಅಗಲ, ನಾಲ್ಕಾಣೆ ಅಗಲ, ಅವರು ಬಗ್ಗಿದರು, ಆ ಬಿಳಿಯ ಹತ್ತಿರಕ್ಕೇ ಮುಖ ತಂದರು, ಎರಡೂಕಾಲು, ನನ್ನ ಕೈ ಇದು, ನನ್ನ ಕೈಯೇ ಮಾಡಿದ್ದು, ಹಿಮ ಜಾರಿತು, ಜಾರಿಯೇಬಿಟ್ಟಿತು, ಮೂರು ಸಲ ಕಲ್ಲಿನ ಹಾಗೆ ನಿಂತಿದ್ದ ಅದೇ ಜಾಗದಲ್ಲಿ ಒಂದು ಕಣ್ಣು, ಕಂದು ಬಣ್ಣದ, ರೆಪ್ಪೆ ರೆಪ್ಪೆ ಎಣಿಸುವಷ್ಟು ನಿಚ್ಚಳ, ಅರಳಿ ಅವಳನ್ನೇ ನೋಡುತ್ತಿರುವ ಕಣ್ಣು, ಕಣ್ಣು —